ಆನ್‌ಲೈನ್ ಶಾಲೆಯಲ್ಲಿ ನಡತೆ ಕಲಿಸುವುದು: ಮೊದಲು ಯಾವುದು, ಆಮೇಲೆ ಯಾವುದು

ದಾವಣಗೆರೆಯಲ್ಲಿ ಕುಳಿತು ಜಗಳೂರು, ಚಳ್ಳಕೆರೆ, ಹೊಸದುರ್ಗದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡುವ ಶಿಕ್ಷಕರು ನನ್ನ ಬಳಿ ತರುವ ದೂರು ಹೆಚ್ಚುಕಡಿಮೆ ಒಂದೇ. ಮೌಲ್ಯ ಶಿಕ್ಷಣದ ಅವಧಿಯಲ್ಲಿ ಕಥೆ ಹೇಳಿದ್ದಾಯಿತು, ಸ್ಲೈಡ್ ತೋರಿಸಿದ್ದಾಯಿತು, ಕೊನೆಗೆ 'ಇದರಿಂದ ಏನು ಕಲಿತಿರಿ' ಎಂದು ಕೇಳಿದ್ದೂ ಆಯಿತು. ಚಾಟ್ ತುಂಬ 'ಸತ್ಯ ಹೇಳಬೇಕು ಸಾರ್' ಎಂಬ ಸಾಲು ಬಂತು. ಮರುದಿನದ ಗಣಿತ ಪರೀಕ್ಷೆಯಲ್ಲಿ ನೋಡಿದರೆ ಅರ್ಧ ತರಗತಿಯ ಉತ್ತರಗಳಲ್ಲಿ ಒಂದೇ ತಪ್ಪು, ಒಂದೇ ಹಂತದಲ್ಲಿ.

ಮಕ್ಕಳು ಕೆಟ್ಟವರಾಗಿದ್ದಾರೆ ಎಂಬ ತೀರ್ಮಾನಕ್ಕೆ ಬರುವ ಮೊದಲು ನಾವು ಅನುಸರಿಸಿದ ಕ್ರಮವನ್ನು ನೋಡಬೇಕು. ನಾವು ಗುಣದ ಹೆಸರಿನಿಂದ ಆರಂಭಿಸಿ ನಡೆಯ ಕಡೆಗೆ ಹೋಗಲು ಯತ್ನಿಸುತ್ತೇವೆ. ಕಟ್ಟಡವಿರುವ ಶಾಲೆಯಲ್ಲಿ ಅದು ಹೇಗೋ ಸಾಗುತ್ತದೆ, ಏಕೆಂದರೆ ಬಿಸಿಯೂಟದ ಸಾಲು, ಆಟದ ಬಯಲು, ಹಂಚಿಕೊಳ್ಳಬೇಕಾದ ಬೆಂಚು ಇವೆಲ್ಲ ನಾವು ಬಿಟ್ಟದ್ದನ್ನು ಸದ್ದಿಲ್ಲದೆ ಕಲಿಸುತ್ತಿರುತ್ತವೆ. ಆನ್‌ಲೈನ್ ಶಾಲೆಯಲ್ಲಿ ಅವು ಯಾವುವೂ ಇಲ್ಲ. ಇಲ್ಲಿ ನಡೆ ಮೊದಲು ಬರಬೇಕು, ಹೆಸರು ಆಮೇಲೆ. ಕೆಳಗಿನ ಹಂತಗಳು 5ರಿಂದ 9ನೇ ತರಗತಿಯವರೆಗಿನ ಮಕ್ಕಳಿಗೆ ಹೊಂದುವಂಥವು.

ಆರಂಭಿಸುವ ಮೊದಲು ಬೇಕಾದವು

ಸಾಮಗ್ರಿ ಹೆಚ್ಚೇನೂ ಬೇಡ. ಶಿಕ್ಷಕರಿಗೆ 200 ಪುಟದ ಒಂದು ನೋಟ್‌ಬುಕ್, ಪ್ರತಿ ಮಗುವಿನ ಮನೆಯಲ್ಲೇ ಉಳಿಯುವ ಒಂದು ತೆಳು ನೋಟ್‌ಬುಕ್, ಪೋಷಕರಿಗೆ ಕರೆ ಮಾಡಲು ವಾರದಲ್ಲಿ ಒಂದು ಸಂಜೆ, ಕಷ್ಟದ ಮಾತುಕತೆಯ ವೇಳೆ ಜೊತೆಯಲ್ಲಿರಬಲ್ಲ ಇನ್ನೊಬ್ಬ ಶಿಕ್ಷಕರು ಅಥವಾ ಶಿಕ್ಷಕಿ ಇದ್ದರೆ ಸಾಕು. ತರಗತಿ ನಡೆಸುವ ಆ್ಯಪ್‌ನಲ್ಲಿ ಎರಡು ಸೌಲಭ್ಯಗಳು ಇರಬೇಕು: ಮಕ್ಕಳ ಚಾಟ್ ಸಂದೇಶ ಶಿಕ್ಷಕರಿಗೆ ಮಾತ್ರ ಕಾಣುವಂತೆ ಮಾಡುವುದು ಒಂದು, ಮಕ್ಕಳನ್ನು ಮೂರು ನಾಲ್ಕು ಜನರ ಗುಂಪುಗಳಾಗಿ ಬೇರೆ ಕೋಣೆಗಳಿಗೆ ಕಳಿಸುವುದು ಇನ್ನೊಂದು. ಎರಡನ್ನೂ ಮನೆಯವರ ಫೋನುಗಳಲ್ಲಿ ಮೊದಲೇ ಪ್ರಯೋಗಿಸಿ ನೋಡಿಕೊಳ್ಳುವುದು ಒಳ್ಳೆಯದು. ಎಲ್ಲರಿಗೂ ಕಾಣುವ ಚಾಟ್‌ನಲ್ಲಿ ಒಂದು ಮಗುವಿನ ಮನದ ಮಾತು ತಪ್ಪಿ ಬಿದ್ದರೆ ಆ ವರ್ಷವಿಡೀ ಅದು ಮತ್ತೆ ಬಾಯಿ ಬಿಡುವುದಿಲ್ಲ.

ಸಮಯವನ್ನು ಇರುವ ಅವಧಿಯೊಳಗಿಂದಲೇ ತೆಗೆಯಬೇಕು. ಕೇಂದ್ರ ಸರ್ಕಾರ 2020ರಲ್ಲಿ ಹೊರತಂದ 'ಪ್ರಜ್ಞಾತಾ' ಮಾರ್ಗಸೂಚಿಯು 8ನೇ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ನೇರ ಅವಧಿಗಳು ಸಾಕು ಎಂದಿದೆ. ಅದರ ಮೇಲೆ ನಡತೆಗೆಂದು ಇನ್ನೊಂದು ಗಂಟೆ ಸೇರಿಸಿದರೆ ಮಕ್ಕಳ ಕಣ್ಣು ತೆರೆಯ ಮೇಲಿರುತ್ತದೆ, ಮನಸ್ಸು ಇರುವುದಿಲ್ಲ. ವಾರಕ್ಕೆ ಎರಡು ಬಾರಿ 15 ನಿಮಿಷ ಸಾಕು, ಅದನ್ನು ಯಾವುದಾದರೂ ವಿಷಯದ ಅವಧಿಯಿಂದ ಕೇಳಿ ಪಡೆಯಬೇಕು.

ಇನ್ನೊಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸುವ ಮೊದಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯಿದ್ದರೂ ಈ 15 ನಿಮಿಷಗಳನ್ನು ರೆಕಾರ್ಡ್ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ರೆಕಾರ್ಡಿಂಗ್‌ನ ಕೆಂಪು ಚುಕ್ಕೆ ಕಂಡ ಕೂಡಲೇ ಮಕ್ಕಳು ಪಠ್ಯಪುಸ್ತಕದ ಭಾಷೆಗೆ ಹೊರಳುತ್ತಾರೆ.

ಹಂತ 1: ಒಂದು ವಾರ ಕಲಿಸದೆ ಗಮನಿಸುವುದು

ಮೊದಲ ವಾರ ಯಾವ ಗುಣದ ಹೆಸರನ್ನೂ ಎತ್ತಬೇಡಿ. ನಿಮ್ಮ ಮಾಮೂಲು ತರಗತಿಗಳಲ್ಲಿ ನಡತೆಗೆ ಪರೀಕ್ಷೆಯಾಗುವ ಕ್ಷಣಗಳು ಎಲ್ಲೆಲ್ಲಿ ಬರುತ್ತವೆ ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತ ಹೋಗಿ. ಪ್ರಶ್ನೆ ಕೇಳಿದಾಗ ಯಾರ ನೆಟ್‌ವರ್ಕ್ ಹೋಗುತ್ತದೆ, ಹೆಸರು ಕೂಗಿ ಮುಗಿದ ಮೇಲೆ ಯಾರು ಮರಳಿ ಬರುತ್ತಾರೆ, ಒಬ್ಬಳು ತಪ್ಪು ಉತ್ತರ ಹೇಳಿದಾಗ ನಗುವ ಚಿತ್ರ ಯಾರಿಂದ ಬರುತ್ತದೆ, ಗುಂಪಿನ ಕೆಲಸವನ್ನು ನಿಜವಾಗಿ ಯಾರು ಮಾಡುತ್ತಾರೆ, ಸಿಗ್ನಲ್ ಇಲ್ಲದ ಗೆಳೆಯನಿಗೆ ಪಾಠದ ಫೋಟೋ ಕಳಿಸುವವರು ಯಾರು. ಕೊನೆಯದನ್ನು ಮರೆಯದೆ ಬರೆಯಿರಿ, ಏಕೆಂದರೆ ನಮ್ಮ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ, ಒಳ್ಳೆಯದು ತಡವಾಗಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮಕ್ಕಳ ಹೆಸರಿನ ಪಟ್ಟಿ ಮಾಡುವುದು. ಬರೆಯಬೇಕಾದದ್ದು ಸಂದರ್ಭಗಳ ಪಟ್ಟಿಯನ್ನು. 'ಸುಳ್ಳು ಹೇಳುವ ಹುಡುಗ' ಎಂದು ಬರೆದುಕೊಂಡರೆ ಮುಂದಿನ ಆರು ವಾರ ನೀವು ಆ ಹುಡುಗನನ್ನೇ ಕಾಯುತ್ತೀರಿ. 'ಹೋಂವರ್ಕ್ ಕೇಳಿದ ಕ್ಷಣ' ಎಂದು ಬರೆದರೆ ಆ ಕ್ಷಣವನ್ನು ಬದಲಾಯಿಸುವ ದಾರಿ ಹುಡುಕುತ್ತೀರಿ.

ಹಂತ 2: ಗುಣವನ್ನು ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯುವುದು

ಮನಃಶಾಸ್ತ್ರಜ್ಞರ ಪ್ರಸಿದ್ಧ ವರ್ಗೀಕರಣವೊಂದರಲ್ಲಿ ನಡತೆಯ 24 ಸಾಮರ್ಥ್ಯಗಳಿವೆ. ಹಲವು ಶಾಲೆಗಳು ತಿಂಗಳಿಗೆ ಎರಡರಂತೆ ಎಲ್ಲವನ್ನೂ ಮುಗಿಸಲು ಹೊರಡುತ್ತವೆ. ಅದು ಪಠ್ಯಕ್ರಮವನ್ನು ಮುಗಿಸುವ ಅಭ್ಯಾಸದಿಂದ ಬಂದದ್ದು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಗುಣಗಳನ್ನು ಮುಟ್ಟದೆ, ಒಂದೊಂದಕ್ಕೂ ಆರು ವಾರ ಕೊಡಿ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದನ್ನು ಹಂತ 1ರ ಪಟ್ಟಿಯೇ ಹೇಳುತ್ತದೆ.

ಆಯ್ದ ಗುಣವನ್ನು ಒಂದು ವಾಕ್ಯದಲ್ಲಿ, ಮಗು ಇವತ್ತೇ ಮಾಡಬಹುದಾದ ಕೆಲಸವಾಗಿ ಬರೆಯಬೇಕು. ಧೈರ್ಯವನ್ನು ತೆಗೆದುಕೊಳ್ಳೋಣ. ಚಿತ್ರದುರ್ಗದ ಕಡೆಯ ಮಕ್ಕಳಿಗೆ 'ಧೈರ್ಯ ಎಂದರೇನು' ಎಂದು ಕೇಳಿದರೆ ತಡವಿಲ್ಲದೆ ಬರುವ ಉತ್ತರ ಒನಕೆ ಓಬವ್ವ. ಕೋಟೆಯ ಕಿಂಡಿಯನ್ನು ಅವರು ಕಣ್ಣಾರೆ ನೋಡಿರುತ್ತಾರೆ, ಹೈದರಾಲಿಯ ಸೈನಿಕರ ಕಥೆ ಬಾಯಿಪಾಠ ಇರುತ್ತದೆ. ಆದರೆ ಆ ಮಗುವಿನ ಬಳಿ ಒನಕೆಯೂ ಇಲ್ಲ, ಎದುರಿಗೆ ಶತ್ರುವೂ ಇಲ್ಲ, ಇರುವುದು ಒಂದು ಮ್ಯೂಟ್ ಗುಂಡಿ. ಆದ್ದರಿಂದ ಈ ತರಗತಿಯಲ್ಲಿ ಧೈರ್ಯ ಎಂದರೆ 'ಪಾಠ ಅರ್ಥವಾಗದಿದ್ದಾಗ ಮ್ಯೂಟ್ ತೆಗೆದು, ನನಗೆ ಈ ಭಾಗ ತಿಳಿಯಲಿಲ್ಲ ಎಂದು ಹೇಳುವುದು' ಎಂದು ಬರೆಯಬೇಕು. ಪ್ರಾಮಾಣಿಕತೆ ಎಂದರೆ 'ನಾನು ಮಾಡಿದ್ದೆಷ್ಟು, ಇನ್ನೊಬ್ಬರಿಂದ ಪಡೆದದ್ದೆಷ್ಟು ಎಂದು ಉತ್ತರದ ಕೆಳಗೆ ಬರೆಯುವುದು'. ತಾಳ್ಮೆ ಎಂದರೆ 'ಇನ್ನೊಬ್ಬರ ಮಾತು ನೆಟ್‌ವರ್ಕ್‌ನಿಂದ ತುಂಡಾದಾಗ ಅವರು ಮುಗಿಸುವವರೆಗೆ ಕಾಯುವುದು'.

ವಾಕ್ಯ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಇವತ್ತಿನ ತರಗತಿಯಲ್ಲಿ ಈ ಕೆಲಸ ಎಷ್ಟು ಬಾರಿ ನಡೆಯಿತು ಎಂದು ಎಣಿಸಲು ಸಾಧ್ಯವಾದರೆ ವಾಕ್ಯ ಸರಿಯಿದೆ. 'ಎಲ್ಲರನ್ನೂ ಗೌರವಿಸುವುದು' ಎಂಬುದನ್ನು ಎಣಿಸಲಾಗದು, ಅದನ್ನು ಇನ್ನೂ ಒಡೆಯಬೇಕು.

ಹಂತ 3: ಸುಳ್ಳಿಗೆ ನಾವೇ ಒದಗಿಸಿದ ಕಾರಣಗಳನ್ನು ತೆಗೆದುಹಾಕುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇಲ್ಲಿ ಬಿಟ್ಟರೆ ಮುಂದಿನದೆಲ್ಲ ನಾಟಕವಾಗುತ್ತದೆ.

'ನೆಟ್‌ವರ್ಕ್ ಹೋಗಿತ್ತು ಸಾರ್' ಎಂಬ ಮಾತನ್ನೇ ನೋಡಿ. ಮೊಳಕಾಲ್ಮೂರಿನ ಹಳ್ಳಿಯೊಂದರಿಂದ ತರಗತಿಗೆ ಬರುವ ಮಗುವಿಗೆ ಅದು ಹಲವು ದಿನ ನಿಜ, ಕೆಲವು ದಿನ ಸುಳ್ಳು. ಕುರಿ ಹಿಂಡಿನೊಡನೆ ತಿಂಗಳುಗಟ್ಟಲೆ ಊರು ಬಿಡುವ ಮನೆಯ ಮಗುವಿಗೆ ಅದು ದಿನನಿತ್ಯದ ಸತ್ಯ. ಶಿಕ್ಷಕರಿಗೆ ಎರಡನ್ನೂ ಬೇರ್ಪಡಿಸುವ ಉಪಾಯವಿಲ್ಲ. ಹೀಗಿರುವಾಗ ತಡವಾಗಿ ಬಂದವರ ಹಾಜರಿ ಕತ್ತರಿಸುವ, ಹೋಂವರ್ಕ್ ಕಳಿಸದವರ ಹೆಸರನ್ನು ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹಾಕುವ ನಿಯಮ ಮಾಡಿದರೆ ಏನಾಗುತ್ತದೆ? ನಿಜ ಹೇಳಿದ ಮಗು ಶಿಕ್ಷೆಗೆ ಗುರಿಯಾಗುತ್ತದೆ, ನೆಟ್‌ವರ್ಕ್ ಎಂದ ಮಗು ಪಾರಾಗುತ್ತದೆ. ಎರಡೇ ವಾರದಲ್ಲಿ ಇಡೀ ತರಗತಿ ಯಾವ ಪಾಠ ಕಲಿಯಬೇಕೋ ಅದನ್ನು ಕಲಿತಿರುತ್ತದೆ, ಕಲಿಸಿದವರು ನಾವೇ.

ಇದನ್ನು ಸರಿಪಡಿಸುವ ಕ್ರಮ ಹೀಗಿದೆ. ಮೊದಲು, ಕೆಲಸ ಮುಗಿಯದಿದ್ದರೆ ಕಾರಣ ಕೇಳುವುದನ್ನೇ ನಿಲ್ಲಿಸಿ. 'ಯಾಕೆ ಮಾಡಲಿಲ್ಲ' ಎಂಬುದರ ಬದಲು 'ಯಾವಾಗ ಕೊಡುತ್ತೀಯ' ಎಂದು ಕೇಳಿ, ಮಗು ಹೇಳಿದ ದಿನವನ್ನು ಅದರ ಮುಂದೆಯೇ ಬರೆದುಕೊಳ್ಳಿ. ಕಾರಣ ಕೇಳದಿದ್ದರೆ ಕಾರಣ ಹೊಸೆಯುವ ಅಗತ್ಯ ಬೀಳುವುದಿಲ್ಲ, ಕೊಟ್ಟ ಮಾತು ಮಾತ್ರ ಉಳಿಯುತ್ತದೆ. ಎರಡನೆಯದಾಗಿ, ಪ್ರತಿ ಉತ್ತರಪತ್ರಿಕೆಯ ಕೊನೆಯಲ್ಲಿ 'ನಾನೇ ಮಾಡಿದ್ದು', 'ಯಾರಿಂದಲೋ ತಿಳಿದು ಮಾಡಿದ್ದು', 'ನೋಡಿ ಬರೆದದ್ದು' ಎಂಬ ಮೂರು ಚೌಕಗಳನ್ನು ಇಡಿ, ಯಾವುದಕ್ಕೆ ಗುರುತು ಹಾಕಿದರೂ ಆ ವಾರ ಅಂಕ ಕಡಿಮೆಯಾಗದಂತೆ ನೋಡಿಕೊಳ್ಳಿ. ಮೊದಲ ವಾರ ಎಲ್ಲರೂ ಮೊದಲ ಚೌಕಕ್ಕೇ ಗುರುತು ಹಾಕುತ್ತಾರೆ. ಅಂಕಕ್ಕೆ ನಿಜವಾಗಿಯೂ ಏಟು ಬೀಳುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಮೂರನೆಯ ಚೌಕದಲ್ಲಿ ಗುರುತುಗಳು ಕಾಣಿಸಿಕೊಳ್ಳುತ್ತವೆ. ಆ ಗುರುತು ಬಿದ್ದ ದಿನ ಗದರಿಸಬೇಡಿ, ಹೊಗಳಲೂ ಬೇಡಿ. ಆ ಭಾಗವನ್ನು ಮತ್ತೊಮ್ಮೆ ಕಲಿಸಿ, ಅಷ್ಟೇ.

ಕ್ಯಾಮೆರಾ ವಿಷಯದಲ್ಲಿ ನಾನು ಅನೇಕ ಸಹೋದ್ಯೋಗಿಗಳೊಂದಿಗೆ ಭಿನ್ನಾಭಿಪ್ರಾಯ ಹೊಂದಿದ್ದೇನೆ. ಕ್ಯಾಮೆರಾ ಕಡ್ಡಾಯ ಮಾಡುವುದು ಶಿಸ್ತು ಎಂದು ಅವರ ವಾದ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಒಲೆ ಉರಿಯುತ್ತಿರುವಾಗ, ಕೂಸು ಅಳುತ್ತಿರುವಾಗ ಕ್ಯಾಮೆರಾ ಮುಚ್ಚುವ ಮಗು ತನ್ನ ಮನೆಯ ಮಾನ ಕಾಯುತ್ತಿದೆ. ಅದನ್ನು ತಪ್ಪೆಂದು ಎಣಿಸುವ ಶಾಲೆಯಿಂದ ಗೌರವದ ಪಾಠ ಹೊರಡಲಾರದು. ಮುಖ ಕಾಣಲೇಬೇಕಿದ್ದರೆ ಅವಧಿಯ ಆರಂಭದಲ್ಲಿ ಅರ್ಧ ನಿಮಿಷ ನಮಸ್ಕಾರ ಹೇಳುವಾಗ ಸಾಕು.

ಕೊನೆಯದು ಶಿಕ್ಷಕರದೇ ನಡೆ. ಕಳೆದ ವಾರದ ಪತ್ರಿಕೆಗಳನ್ನು ನೀವಿನ್ನೂ ತಿದ್ದಿರದಿದ್ದರೆ 'ನಾನು ತಿದ್ದಿಲ್ಲ, ಶುಕ್ರವಾರ ಕೊಡುತ್ತೇನೆ' ಎಂದು ಹೇಳಿ, ಶುಕ್ರವಾರ ಕೊಡಿ. ಸರ್ವರ್ ತೊಂದರೆ ಎಂದು ನೀವು ನೆಪ ಹೇಳಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ಆ ಕಲೆಯಲ್ಲಿ ಅವರು ನಮಗಿಂತ ಪಳಗಿದವರು.

ಹಂತ 4: ಹದಿನೈದು ನಿಮಿಷದ ಸನ್ನಿವೇಶ

ಈಗ ಪಾಠಕ್ಕೆ ಬರಬಹುದು. ಒಂದು ಸಣ್ಣ ಸನ್ನಿವೇಶವನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳಿ, ಅದರ ಅಂತ್ಯವನ್ನು ಹೇಳದೆ ನಿಲ್ಲಿಸಬೇಕು. ಉದಾಹರಣೆಗೆ: ಒಬ್ಬ ಹುಡುಗ ಸಂಜೆ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ನೂರರ ನೋಟು ಕೊಟ್ಟ. ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವರು ಚಿಲ್ಲರೆಯ ಜೊತೆ 50 ರೂಪಾಯಿ ಹೆಚ್ಚು ಕೊಟ್ಟರು. ಮನೆಗೆ ಬಂದ ಮೇಲೆ ಅವನಿಗೆ ಗೊತ್ತಾಯಿತು. ಅಂಗಡಿ ದೂರ, ಕತ್ತಲಾಗಿದೆ, ಅವನ ಫೋನಿನ ಡೇಟಾ ಕೂಡ ಮುಗಿದಿದೆ.

'ಅವನು ಏನು ಮಾಡಬೇಕು' ಎಂದು ಕೇಳಲೇಬೇಡಿ. ಆ ಪ್ರಶ್ನೆಗೆ ಸರಿಯುತ್ತರ ಎಲ್ಲರಿಗೂ ಗೊತ್ತು, ಎಲ್ಲರೂ ಅದನ್ನೇ ಬರೆಯುತ್ತಾರೆ. 'ಹಿಂತಿರುಗಿಸಬಾರದು ಎಂದು ಅವನ ಮನಸ್ಸು ಯಾವ ಯಾವ ಕಾರಣ ಹೇಳುತ್ತಿರಬಹುದು' ಎಂದು ಕೇಳಿ. ಉತ್ತರಗಳು ಶಿಕ್ಷಕರಿಗೆ ಮಾತ್ರ ಕಾಣುವ ಚಾಟ್‌ಗೆ ಬರಲಿ, ಬರೆಯಲು ಪೂರ್ತಿ ಮೂರು ನಿಮಿಷ ಕೊಡಿ. ಟೈಪ್ ಮಾಡಲು ಬರದವರು ಧ್ವನಿ ಸಂದೇಶ ಕಳಿಸಲಿ. ಬಂದ ಕಾರಣಗಳನ್ನು ಹೆಸರಿಲ್ಲದೆ ಓದಿ ಹೇಳಿ. 'ಅವರು ಇನ್ನೊಂದು ದಿನ ಕಡಿಮೆ ಕೊಟ್ಟಿದ್ದರು', 'ಅಪ್ಪನಿಗೆ ಹೇಳಿದರೆ ಅಪ್ಪನೇ ಬಿಡು ಎನ್ನುತ್ತಾರೆ' ಎಂಬಂಥ ಮಾತು ಬಂದರೆ ಪಾಠ ಸರಿಯಾದ ಹಾದಿಯಲ್ಲಿದೆ. ಆ ಕಾರಣಗಳನ್ನು ಹಿಡಿದು ಐದು ನಿಮಿಷ ಸಣ್ಣ ಗುಂಪುಗಳಲ್ಲಿ ಮಾತನಾಡಲಿ: ಇವುಗಳಲ್ಲಿ ಯಾವುದು ನಿಜವಾದ ಅಡ್ಡಿ, ಯಾವುದು ನೆಪ? ಮರಳಿ ಬಂದ ಮೇಲೆ ಉಳಿದ ನಿಮಿಷಗಳಲ್ಲಿ ಗುಣದ ಹೆಸರನ್ನು ಮೊದಲ ಬಾರಿಗೆ ಹೇಳಿ, ಹಂತ 2ರ ವಾಕ್ಯವನ್ನು ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ.

ವಚನವನ್ನೋ ಗಾದೆಯನ್ನೋ ಬಾಯಿಪಾಠ ಮಾಡಿಸಬೇಕೆಂದಿದ್ದರೆ ಅದನ್ನು ಆರನೆಯ ವಾರಕ್ಕೆ ಇಟ್ಟುಕೊಳ್ಳಿ. ಮೊದಲೇ ಕೊಟ್ಟರೆ ಅದು ಮಕ್ಕಳಿಗೆ ಸಿದ್ಧ ಉತ್ತರವಾಗಿಬಿಡುತ್ತದೆ.

ಹಂತ 5: ತೆರೆ ಆರಿಸಿದ ಮೇಲಿನ ಕೆಲಸ

ಗುಣ ಮೈಗೂಡುವುದು ಮಾಡಿ ಮಾಡಿ. ಆದ್ದರಿಂದ ಪ್ರತಿ ವಾರ ಹೊಸ ಕೆಲಸ ಕೊಡುವ ಬದಲು ಒಂದೇ ಕೆಲಸವನ್ನು ಮೂರು ವಾರ ಮಾಡಿಸಬೇಕು. ನಲ್ಲಿಯಲ್ಲಿ ನೀರು ಬರುವ ದಿನ ಮನೆಯ ಕೊಡಗಳ ಲೆಕ್ಕ ನೋಡಿಕೊಳ್ಳುವುದು, ಓದು ಬಾರದ ಅಜ್ಜಿಗೆ ಮಾತ್ರೆ ಚೀಟಿ ಓದಿ ಹೇಳುವುದು, ತಮ್ಮನ ಫೋನಿನ ಸರದಿ ಬಂದಾಗ ಅವನು ಕೇಳುವ ಮೊದಲೇ ಬಿಟ್ಟುಕೊಡುವುದು, ಹೀಗೆ. ಹಣ ಖರ್ಚಾಗುವ ಕೆಲಸ ಬೇಡ. ದಾನ ಮಾಡಿ ಎಂದು ಹೇಳುವಾಗ ಕೇಳುತ್ತಿರುವ ಮಗುವಿನ ಮನೆಯಲ್ಲಿ ಆ ತಿಂಗಳ ರೀಚಾರ್ಜ್‌ಗೂ ಪರದಾಟವಿರಬಹುದು.

ಫೋಟೋ ಕೇಳಬಾರದು. ನಾನು ಮೊದಲ ವರ್ಷ ಕೇಳಿದ್ದೆ, 'ಉತ್ತಮ ನಡತೆ' ಎಂಬ ಪ್ರಮಾಣಪತ್ರವನ್ನೂ ಕೊಟ್ಟಿದ್ದೆ. ಬಂದ ಫೋಟೋಗಳಲ್ಲಿ ಅಜ್ಜಿಯ ಕೈಗೆ ನೀರಿನ ಲೋಟ ಕೊಡುತ್ತ ಕ್ಯಾಮೆರಾ ನೋಡಿ ನಗುವ ಮಕ್ಕಳು ತುಂಬಿದ್ದರು. ಒಬ್ಬ ಅಜ್ಜಿ ಫೋನಿನಲ್ಲಿ, 'ಫೋಟೋ ಹಿಡಿದ ಮೇಲೆ ನೀರು ಕೊಡದೇ ಹೋದ ಕಣಪ್ಪ' ಎಂದು ನಗುತ್ತ ಹೇಳಿದ ದಿನ ಆ ಪದ್ಧತಿ ನಿಲ್ಲಿಸಿದೆ. ಈಗ ಮಗು ತನ್ನ ನೋಟ್‌ಬುಕ್‌ನಲ್ಲಿ ಎರಡೇ ಸಾಲು ಬರೆಯುತ್ತದೆ: ಇವತ್ತು ಮಾಡಿದೆನೇ, ಯಾವುದು ಕಷ್ಟವಾಯಿತು. 'ಮಾಡಲಿಲ್ಲ' ಎಂಬ ಬರಹಕ್ಕೂ 'ಮಾಡಿದೆ' ಎಂಬುದರಷ್ಟೇ ಬೆಲೆ.

ಮನೆಗೆಲಸದ ವಿಷಯದಲ್ಲಿ ಒಂದು ಎಚ್ಚರಿಕೆ. 'ಅಮ್ಮನಿಗೆ ನೆರವಾಗಿ' ಎಂದು ಇಡೀ ತರಗತಿಗೆ ಹೇಳಿದರೆ ಹೆಣ್ಣುಮಕ್ಕಳಿಗೆ ಅದು ಗುಣದ ಅಭ್ಯಾಸವಲ್ಲ, ದಿನವೂ ಇದ್ದ ದುಡಿಮೆಗೆ ಶಾಲೆಯ ಮುದ್ರೆ. ಪಾತ್ರೆ, ಕಸ, ಅಡುಗೆಮನೆಯ ಕೆಲಸ ಗಂಡುಮಕ್ಕಳ ಪಾಲಿಗೆ ಬರಲಿ. ಹೆಣ್ಣುಮಕ್ಕಳಿಗೆ 'ನನಗೆ ಓದಲು ಒಂದು ಗಂಟೆ ಬೇಕು' ಎಂದು ಮನೆಯಲ್ಲಿ ಕೇಳುವ ಧೈರ್ಯದ ಕೆಲಸ ಕೊಡಬಹುದು. ಆದರೆ ಅದನ್ನು ಕೊಡುವ ಮೊದಲು ಹಂತ 6 ಮುಗಿದಿರಲೇಬೇಕು.

ಹಂತ 6: ಮನೆಯವರೊಂದಿಗೆ ಮಾತು

ಗ್ರೂಪ್‌ನಲ್ಲಿ ಸಂದೇಶ ಹಾಕಿ ಮುಗಿಸದೆ, ವಾರಕ್ಕೆ ಐದಾರು ಮನೆಗಳಿಗೆ ಕರೆ ಮಾಡಬೇಕು. ಹಲವು ಮನೆಗಳಲ್ಲಿ ಫೋನು ತಂದೆಯ ಜೊತೆ ಹೊಲಕ್ಕೋ ಮಂಡಿಗೋ ಹೋಗಿರುತ್ತದೆ, ಕರೆ ಸಂಜೆ ಏಳರ ಮೇಲೆಯೇ ಆಗಬೇಕು. ಮೊದಲ ಕರೆಯಲ್ಲಿ ಮಗುವಿನ ದೂರು ಬೇಡ. 'ಅಮ್ಮಾ, ಈ ವಾರ ಅವನು ತಾನಾಗಿ ಮಾಡಿದ ಒಂದು ಕೆಲಸ ಯಾವುದು' ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಮುಂದಿನ ಕರೆಯಲ್ಲಿ ಆ ವಾರದ ಕೆಲಸ ಯಾವುದೆಂದು ತಿಳಿಸಿ, ಅದನ್ನು ನೆನಪಿಸಬೇಡಿ, ಬೈದು ಮಾಡಿಸಬೇಡಿ, ಮಾಡಿದರೆ ನೋಡಿದ್ದೇನೆ ಎಂದಷ್ಟೇ ಹೇಳಿ ಎಂದು ಕೇಳಿಕೊಳ್ಳಿ. ಮಗುವಿನ ನೋಟ್‌ಬುಕ್‌ನಲ್ಲಿ ಅಕ್ಷರ ದೊಡ್ಡವರದ್ದಾಗಿ ಕಂಡರೆ ಆ ಮನೆಗೆ ಮತ್ತೊಂದು ಕರೆ ಬೇಕು.

ಹಂತ 7: ತಪ್ಪು ನಡೆದಾಗ

ಯಾರದೋ ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಮೀಸೆ ಬಿಡಿಸಿ ಹಂಚುವುದು, ಜಾತಿಯ ಹೆಸರಿನಿಂದ ಕರೆಯುವುದು, ಇನ್ನೊಬ್ಬರ ಹೆಸರಿನಲ್ಲಿ ತರಗತಿಗೆ ನುಗ್ಗಿ ಕೂಗುವುದು, ಇಂಥದು ಒಂದಲ್ಲ ಒಂದು ದಿನ ಆಗುತ್ತದೆ. ಆಗ ಎಲ್ಲರೆದುರು ವಿಚಾರಣೆ ಮಾಡಬೇಡಿ. ಮೊದಲು ಆ ಸಂದೇಶ ಹರಡದಂತೆ ತಡೆದು ಪಾಠ ಮುಂದುವರಿಸಿ. ಅದೇ ದಿನ, ನೋವುಂಡ ಮಗುವಿನೊಂದಿಗೆ ಮೊದಲು ಮಾತನಾಡಿ, ಅದಕ್ಕೆ ಏನು ಆಗಬೇಕಿದೆ ಎಂದು ಕೇಳಿ. ಆಮೇಲೆ ತಪ್ಪು ಮಾಡಿದ ಮಗುವಿನೊಂದಿಗೆ, ಇನ್ನೊಬ್ಬ ಶಿಕ್ಷಕರು ಜೊತೆಗಿರುವಾಗ. 'ಕ್ಷಮಿಸು' ಎಂದು ಎಲ್ಲರೆದುರು ಹೇಳಿಸುವುದರಿಂದ ಏನೂ ಸರಿಹೋಗುವುದಿಲ್ಲ. ಹಂಚಿದ ಪ್ರತಿಯೊಬ್ಬರ ಬಳಿ ಹೋಗಿ ಅಳಿಸುವಂತೆ ತಾನೇ ಕೇಳುವುದು, ಅಳಿಸಿದ್ದನ್ನು ತಾನೇ ಬಂದು ತಿಳಿಸುವುದು ಸರಿಪಡಿಸುವ ಕೆಲಸ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಗ್ರೂಪ್‌ನಲ್ಲಿ ಹೆಸರು ಹಾಕಿ ಮಾನ ಕಳೆಯುವುದನ್ನು ಶಿಸ್ತುಕ್ರಮವೆಂದು ಕರೆಯುವವರು ಇದನ್ನೊಮ್ಮೆ ಓದಿಕೊಳ್ಳಬೇಕು. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರಂತೂ ಅದು ನಡತೆಯ ಪಾಠದ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ದೂರು ನೀಡಲೇಬೇಕು, ಶಾಲೆಯೊಳಗೇ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪ್ರತಿ ಮಗುವಿನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೊದಲ ದಿನವೇ ಬರೆಸಿ. ಆನ್‌ಲೈನ್ ಹಣದ ಮೋಸಕ್ಕೆ 1930 ಇದೆ, ಅದೂ ಅಲ್ಲೇ ಇರಲಿ.

ಹಂತ 8: ಬರೆದಿಡುವುದು, ಮುಂದಿನ ಗುಣಕ್ಕೆ ಹೋಗುವುದು

ಅಂಕ, ನಕ್ಷತ್ರ, ವಾರದ ಉತ್ತಮ ವಿದ್ಯಾರ್ಥಿ ಇವು ಯಾವುವೂ ಬೇಡ. ವಾರದ ಕೊನೆಯಲ್ಲಿ ಹಂತ 2ರ ಕೆಲಸ ಇಡೀ ತರಗತಿಯಲ್ಲಿ ಎಷ್ಟು ಬಾರಿ ನಡೆಯಿತು ಎಂಬ ಒಂದೇ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಬರೆಯಿರಿ. ಅದನ್ನು ಮಕ್ಕಳಿಗೂ ಮುಖ್ಯೋಪಾಧ್ಯಾಯರಿಗೂ ತೋರಿಸುವ ಅಗತ್ಯವಿಲ್ಲ.

ದಾರಿ ತಪ್ಪುತ್ತಿದೆ ಎಂಬುದಕ್ಕೆ ಕೆಲವು ಲಕ್ಷಣಗಳಿವೆ. ಪ್ರಶ್ನೆ ಮುಗಿಯುವ ಮೊದಲೇ ಚಾಟ್‌ನಲ್ಲಿ ಉತ್ತರಗಳು ಬರತೊಡಗಿದರೆ ಮಕ್ಕಳು ನಿಮ್ಮನ್ನು ಮೆಚ್ಚಿಸಲು ಬರೆಯುತ್ತಿದ್ದಾರೆ. ಒಬ್ಬರ ಮೇಲೊಬ್ಬರು ಚಾಡಿ ಹೇಳುವುದು ಹೆಚ್ಚಾದರೆ ನೀವು ಎಲ್ಲೋ ಕಾವಲುಗಾರರಾಗಿದ್ದೀರಿ, ಹಂತ 1ರ ನೋಟ್‌ಬುಕ್ ತೆರೆದು ಹೆಸರುಗಳು ನುಸುಳಿವೆಯೇ ನೋಡಿ. ನೋಟ್‌ಬುಕ್‌ಗಳಲ್ಲಿ ಒಂದೂ 'ಮಾಡಲಿಲ್ಲ' ಇಲ್ಲದಿದ್ದರೆ ಹಂತ 3ಕ್ಕೆ ಮರಳಬೇಕು. ಎಲ್ಲಕ್ಕಿಂತ ಗಂಭೀರವಾದದ್ದು, ಮೊದಲು ಮಾತನಾಡುತ್ತಿದ್ದ ಮಗು ಎರಡು ವಾರ ಮೌನವಾಗುವುದು. ಆಗ ಗುಣದ ಮಾತು ಬದಿಗಿಟ್ಟು ಆ ಮನೆಗೆ ಕರೆ ಮಾಡಿ.

ಆರು ವಾರಗಳಲ್ಲಿ ಸಂಖ್ಯೆ ಏರಿ, ನೀವು ನೆನಪಿಸದ ವಾರವೂ ಇಳಿಯದಿದ್ದರೆ ಮುಂದಿನ ಗುಣಕ್ಕೆ ಹೋಗಬಹುದು. ಇಳಿದರೆ ಇನ್ನೂ ಎರಡು ವಾರ ಅದರಲ್ಲೇ ಇರಿ. ಹೊಸ ಗುಣಕ್ಕೆ ದಿನ ನಿಗದಿ ಮಾಡುವಾಗ ಊರಿನ ಪಂಚಾಂಗವನ್ನೂ ನೋಡಿಕೊಳ್ಳಿ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ಜಾತ್ರೆಯ ವಾರ ಚಳ್ಳಕೆರೆಯ ಕಡೆಯ ಅರ್ಧ ಮಕ್ಕಳು ತರಗತಿಗೆ ಬರುವುದಿಲ್ಲ, ಬಂದವರು ತೇರಿನ ಗದ್ದಲದ ನಡುವೆ ನಿಂತು ಬರುತ್ತಾರೆ. ಆ ವಾರ 15 ನಿಮಿಷವನ್ನು ಬಿಟ್ಟುಬಿಡಿ, ಮುಂದಿನ ಸೋಮವಾರ ಮತ್ತೆ ಹಂತ 1ರಿಂದ, ಖಾಲಿ ಪುಟದಿಂದ ಆರಂಭಿಸಿ.